ಎಡಗಡೆಯ ಕನ್ನಡಿ

ಮೊದಲ ಶಿಫ್ಟು ಮುಗಿಸಿ ಬಂದ ಮಾಲಿನಿ ಇನ್ನೂ ಗೇಟಿನ ಚಿಲಕ ತೆಗೆದಿರಲಿಲ್ಲ, ಒಳಗಿನಿಂದ ಲಾರಿಯ ಹಾರ್ನು ಕಿವಿಗೆ ಬಡಿಯಿತು. ಅದರ ಬೆನ್ನಿಗೇ ಮಾವನ ದನಿ.

‘ಮಾಲಿನೀ, ಸೂಳಗಿರಿ ಬಂತು ಕಣಮ್ಮಾ. ಟೀ ಇಡು.’

ಸೂಳಗಿರಿ ಬಂದದ್ದು ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನೊಳಗೆ. ಮುನಿಯಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೇಜಿಗೆ ಕಚ್ಚಿಸಿದ್ದ ಆಟದ ಸ್ಟೇರಿಂಗ್ ಹಿಡಿದು, ಕೃಷ್ಣಗಿರಿಯಿಂದ ಹೊಸೂರಿಗೆ ಲೋಡು ತರುತ್ತಿದ್ದರು. ನಿಜವಾದ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನಡುದಾರಿಯ ಸೂಳಗಿರಿಯಲ್ಲಿ ಟೀ ಕುಡಿಯದೆ ಅವರು ಮುಂದಕ್ಕೆ ಹೋದವರೇ ಅಲ್ಲ. ಆಟದಲ್ಲೂ ಆ ಪದ್ಧತಿ ಬಿಡಲೊಲ್ಲರು. ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಬ್ರೇಕು ಎಳೆದು, ಟೀ ಬರುವ ತನಕ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ದಿನಕ್ಕೆ ಎಷ್ಟು ಟ್ರಿಪ್ಪೋ ಅಷ್ಟು ಟೀ. ಬೆಳಗಿನಿಂದ ವಾಚಿನ ಕಾರ್ಖಾನೆಯಲ್ಲಿ ಮುಳ್ಳುಗಳನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ ಕಣ್ಣು ಉರಿಯುತ್ತಿದ್ದ ಮಾಲಿನಿ, ಚಪ್ಪಲಿ ಬಿಟ್ಟವಳೇ ಮುಖ ಕೂಡ ತೊಳೆಯದೆ ಒಲೆ ಹಚ್ಚಿದಳು. ಟೀ ಕುದಿಯುವುದಕ್ಕಿಂತ ಮೊದಲು ಅವಳ ತಲೆ ಕುದಿಯುತ್ತಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಮುನಿಯಪ್ಪನವರಿಗೆ ಸಣ್ಣದಾಗಿ ಸ್ಟ್ರೋಕ್ ಆಗಿತ್ತು. ಕೈಕಾಲು ಸ್ವಾಧೀನಕ್ಕೆ ಬಂದವು, ಮಾತು ಬಂತು, ಬೈಗುಳವಂತೂ ಹೋಗಿರಲೇ ಇಲ್ಲ. ಆದರೆ ಬಲಗಡೆಯ ನೋಟ ಹೋಗಿದೆ ಎಂದು ಡಾಕ್ಟರು ಹೇಳಿದರು. ಎರಡು ಕಣ್ಣೂ ಚೆನ್ನಾಗಿಯೇ ಇವೆ, ಆದರೆ ಬಲಕ್ಕೆ ಏನಿದ್ದರೂ ಅದು ಮಿದುಳಿಗೆ ಮುಟ್ಟುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದು ಚೀಟಿಯನ್ನೂ ಬರೆದುಕೊಟ್ಟರು. ಲೈಸೆನ್ಸ್ ಹೊಸದು ಮಾಡಿಸಲು ಹೋದಾಗ ಆಫೀಸಿನವರು ಅದೇ ಚೀಟಿ ನೋಡಿ, ‘ಪೆರಿಯವರೇ, ಪೋದುಂ, ವೀಟ್ಲ ಇರುಂಗ’ ಎಂದು ತಮಿಳಿನಲ್ಲಿ ನಯವಾಗಿ ಹೇಳಿ ಕಳಿಸಿದರು. ಸಾಕು, ಮನೆಯಲ್ಲಿರಿ ಎಂದ ಆ ಮಾತು ಮುನಿಯಪ್ಪನವರಿಗೆ ಎಲ್ಲಿ ನಾಟಿತೋ, ಮನೆಯಲ್ಲಿದ್ದವರಿಗೆಲ್ಲ ಅದರ ಬಿಸಿ ತಟ್ಟಿತು. ಡಾಕ್ಟರಿಗೆ ಓದು ಬರದು, ಆಫೀಸಿನವರಿಗೆ ನ್ಯಾಯ ಬರದು, ಸೊಸೆಗೆ ಸಾರು ಬರದು. ಕೊನೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು ಪದ್ಮಶ್ರೀ ತಾತನ ಬಾಯಿ ಮುಚ್ಚಿಸಲು ತನ್ನ ಹಳೆಯ ಕಂಪ್ಯೂಟರಿನಲ್ಲಿ ಈ ಲಾರಿ ಆಟ ಹಾಕಿಕೊಟ್ಟಿದ್ದಳು. ಯಾರೋ ಪುಣ್ಯಾತ್ಮರು ನಮ್ಮ ಹೈವೇಯನ್ನೇ ಅದರೊಳಗೆ ಕಟ್ಟಿದ್ದರು. ಬಾಯಿ ಮುಚ್ಚಿತು, ಹಾರ್ನು ತೆರೆಯಿತು.

ಸಂಕ್ರಾಂತಿ ಕಳೆದ ಮೇಲೆ ಆಟ ತಂತಾನೇ ಏನೋ ಹೊಸದು ಇಳಿಸಿಕೊಂಡಿತು. ಅಂದಿನಿಂದ ಲಾರಿ ಜಗ್ಗತೊಡಗಿತು. ನಾಲ್ಕು ಹೆಜ್ಜೆ ಹೋಗುವುದು, ಚಿತ್ರ ಕಲ್ಲಿನಂತೆ ನಿಲ್ಲುವುದು, ಮತ್ತೆ ಒಮ್ಮೆಲೇ ಮುಂದಕ್ಕೆ ಹಾರುವುದು. ಮುನಿಯಪ್ಪ ಬಸ್ಸಿಗೆ ಗುದ್ದಿದರು, ಟ್ಯಾಂಕರಿಗೆ ಉಜ್ಜಿದರು, ಸೇತುವೆಯ ಕಂಬ ಕಿತ್ತರು. ಗುದ್ದಿದಾಗಲೆಲ್ಲ, ‘ಗಾಡಿ ಜಗ್ತದೆ, ನಾನೇನ್ ಮಾಡ್ಲಿ’ ಎಂದು ಮನೆಯವರೆಲ್ಲ ಕೇಳುವಂತೆ ಹೇಳಿದರು.

ಹಳೆಯ ಡ್ರೈವರಲ್ಲವೇ, ಮದ್ದು ಅವರಿಗೇ ಗೊತ್ತಿತ್ತು. ಮೊದಲು ಸಿಮೆಂಟಿನ ಲೋಡು ಬಿಟ್ಟು ಹತ್ತಿಯ ಲೋಡು ಹಿಡಿದರು, ಭಾರ ಕಡಿಮೆಯಾದರೆ ಎಂಜಿನ್ನಿಗೆ ಎಳೆಯುವ ಕಸುವು ಬರುತ್ತದೆ ಎಂದು. ಬರಲಿಲ್ಲ. ಆಮೇಲೆ ಖಾಲಿ ಲಾರಿ ಓಡಿಸಿದರು. ಆಗಲೂ ಜಗ್ಗಿತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಟ್ಟಿ ನೋಡಿ, ‘ರೇಡಿಯೇಟರ್ ಕಾದೈತೆ’ ಎಂದು ತೀರ್ಮಾನ ಕೊಟ್ಟು, ಮನೆಗಿದ್ದ ಒಂದೇ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿದರು. ಹೆಂಡತಿ ರುಕ್ಮಿಣಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಸೀರಿಯಲ್ ನೋಡಬೇಕಾಯಿತು. ಒಂದು ಮಧ್ಯಾಹ್ನ ಮಾಲಿನಿ ಶಿಫ್ಟಿನಿಂದ ಬಂದು ನೋಡುತ್ತಾಳೆ, ಅತ್ತೆ ಬಕೆಟ್ ಹಿಡಿದು ನಿಂತಿದ್ದಾರೆ, ಮಾವ ಗೋಣಿಚೀಲವನ್ನು ಅದರಲ್ಲಿ ಅದ್ದಿ ಹಿಂಡುತ್ತಿದ್ದಾರೆ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಲಾರಿಯ ಮೂತಿಗೆ ಒದ್ದೆ ಗೋಣಿ ಕಟ್ಟುವುದು ರೂಢಿಯಂತೆ.

‘ಮಾವ, ಅದು ಕರೆಂಟಿನ ಪೆಟ್ಟಿಗೆ.’

‘ನಂಗೊತ್ತಿಲ್ವಾ? ಚೆನ್ನಾಗೇ ಹಿಂಡಿದೀನಿ ಕಣಮ್ಮ.’

ಮಾಲಿನಿ ಗೋಣಿಯನ್ನು ಕಿತ್ತುಕೊಂಡು ಹಿತ್ತಲಿಗೆ ಎಸೆದಳು. ಬಕೆಟ್ ಹಿಡಿದು ನಿಂತಿದ್ದಕ್ಕೆ ಅತ್ತೆಗೂ ನಾಲ್ಕು ಮಾತು ಬಿತ್ತು. ಅವತ್ತು ಸಂಜೆ ಪದ್ಮಶ್ರೀ ಕಾಲೇಜಿನಿಂದ ಬರುತ್ತಲೇ, ಬ್ಯಾಗು ಇಳಿಸುವುದಕ್ಕೂ ಬಿಡದೆ ಮಾಲಿನಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಏನು ಮಾಡುತ್ತೀಯೋ ಗೊತ್ತಿಲ್ಲ, ಇದು ಜಗ್ಗಬಾರದು ಅಂದಳು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆ ಎಂದು ಹುಡುಗಿ ಹೇಳಿ ನೋಡಿದಳು. ಟ್ರಕ್ಕಿನ ಕಾರ್ಖಾನೆಯಿಂದ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದ ಮಾಲಿನಿಯ ಗಂಡ ಯತಿರಾಜ್ ಅದರ ಬೆಲೆ ಕೇಳಿ, ಬಿಚ್ಚಿದ ಬೂಟನ್ನು ಕೈಯಲ್ಲೇ ಹಿಡಿದು ಮಗಳನ್ನು ನೋಡಿದ. ಆ ಮಾತು ಅಲ್ಲಿಗೇ ನಿಂತಿತು.

ಪದ್ಮಶ್ರೀ ಸೆಟ್ಟಿಂಗ್ಸ್ ತೆರೆದಳು. ಪರದೆಯ ತುಂಬ ಸಾಲು ಸಾಲು ಹೆಸರು, ಒಂದೊಂದರ ಮುಂದೆ ಹೆಚ್ಚು ಕಡಿಮೆ ಮಾಡುವ ಗೀಟು.

‘ಲೋಡ್ ಜಾಸ್ತಿ ಆಗಿರೋದಲ್ಲ ತಾತ, ನೋಟ ಜಾಸ್ತಿ ಆಗಿದೆ. ರಸ್ತೆ ಪಕ್ಕದಾಗಿರೋ ಒಂದೊಂದು ಎಲೇನೂ ಈ ಪೆಟ್ಟಿಗೆ ಬರೀಬೇಕು. ಕೈ ಸೋಲ್ತದೆ, ಅದಕ್ಕೇ ನಿಲ್ತದೆ.’

ನೆರಳು ತೆಗೆದಳು. ಹುಲ್ಲು, ನೀರಿನ ಹೊಳಪು, ದೂರದ ಗುಡ್ಡ ಎಲ್ಲ ಇಳಿಸಿದಳು. ಆದರೂ ಸಣ್ಣಗೆ ಜಗ್ಗುತ್ತಿತ್ತು. ರಸ್ತೆಯ ಮೇಲಿದ್ದ ಬೇರೆ ಗಾಡಿಗಳನ್ನು ಬಹುಪಾಲು ಖಾಲಿ ಮಾಡಿದಳು. ಕೊನೆಗೆ ಉಳಿದದ್ದು ಕನ್ನಡಿಗಳು. ಕನ್ನಡಿ ಎಂದರೆ ಹಿಂದಿನ ರಸ್ತೆಯನ್ನೂ ಇನ್ನೊಂದು ಸಲ ಬರೆದಂತೆ, ಪೆಟ್ಟಿಗೆಗೆ ಅದೇ ದೊಡ್ಡ ಹೊರೆ, ತೆಗೆದುಬಿಡಲಾ ಎಂದು ತಾತನನ್ನು ಕೇಳಿದಳು.

‘ತೆಗ್ದಾಕು’ ಅಂದರು ಮುನಿಯಪ್ಪ, ಕೇಳಿ ಮುಗಿಯುವ ಮೊದಲೇ.

ಮರುದಿನದಿಂದ ಲಾರಿ ಎಣ್ಣೆ ಹಚ್ಚಿದ ಹಾಗೆ ಓಡಿತು. ಎದುರಿಗೆ ಬರುವವರಿಲ್ಲ, ಬಲಕ್ಕೆ ನುಗ್ಗುವವರಿಲ್ಲ, ಬೋಳು ರಸ್ತೆ. ಮುನಿಯಪ್ಪ ಒಂದು ಕಡೆಯೂ ಗುದ್ದಲಿಲ್ಲ. ಮನೆಗೂ ಸ್ವಲ್ಪ ನೆಮ್ಮದಿ ಬಂತು. ಫ್ಯಾನು ರುಕ್ಮಿಣಮ್ಮನ ಕಡೆಗೆ ತಿರುಗಿತು. ಮುನಿಯಪ್ಪ ಸಂಜೆ ಹೊತ್ತು ತಾವೇ ಹೋಗಿ ಹಾಲು ತಂದರು, ನೀರಿನ ಮೋಟರು ಹಾಕಿದರು, ಸಾರು ಚೆನ್ನಾಗಿದೆ ಎಂದೂ ಒಂದು ದಿನ ಅಂದರು. ಮಾಲಿನಿಗೆ ಆಶ್ಚರ್ಯವಾಯಿತು. ಅನುಮಾನ ಬರಬೇಕಿತ್ತು, ಬರಲಿಲ್ಲ.

ಅನುಮಾನ ಬಂದದ್ದು ತಿಮ್ಮರಾಜು ಬಂದಾಗ. ಒಂದು ಕಾಲಕ್ಕೆ ಮುನಿಯಪ್ಪನ ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಈಗ ಸ್ವಂತ ಟೆಂಪೋ ಇಟ್ಟುಕೊಂಡು ಸೂಳಗಿರಿ ಕಡೆಯ ಟೊಮೇಟೊ, ಕೋಸು ಎಲ್ಲ ಹೊಸೂರು ಮಾರ್ಕೆಟ್ಟಿಗೆ ಹೊಡೆಯುತ್ತಿದ್ದ. ಒಂದು ಚೀಲ ಟೊಮೇಟೊ ಹೊತ್ತು ಬಂದು, ಗುರುವಿನ ಹಿಂದೆ ನಿಂತು ಒಂದು ಟ್ರಿಪ್ ಪೂರ್ತಿ ನೋಡಿದ. ಅಣ್ಣನ ಕೈ ಇನ್ನೂ ಹೋಗಿಲ್ಲ ಎಂದು ಮೆಚ್ಚಿಕೊಂಡ. ತನ್ನ ಡ್ರೈವರು ಹೇಳದೆ ಕೇಳದೆ ಕೆಲಸ ಬಿಟ್ಟಿದ್ದಾನೆ, ಅಣ್ಣ ಬರುವುದಾದರೆ ಸೋಮವಾರದಿಂದಲೇ ಶುರು ಮಾಡಬಹುದು, ಬೆಳಗಿನ ಜಾವ ಒಳದಾರಿಯಲ್ಲಿ ಬಂದರೆ ಲೈಸೆನ್ಸ್ ಕೇಳುವವರು ಯಾರು ಅಂದ. ಹೋಗುವಾಗ ಟೆಂಪೋವನ್ನು ಎದುರಿನ ಖಾಲಿ ಸೈಟಿನಲ್ಲೇ ನಿಲ್ಲಿಸಿ, ಕೀಲಿಯನ್ನು ಮುನಿಯಪ್ಪನ ಕೈಗೆ ಕೊಟ್ಟು ಹೋದ. ಒಳಗಿನಿಂದಲೇ ಮಾತೆಲ್ಲ ಕೇಳಿಸಿಕೊಂಡು, ಟೀ ಲೋಟ ತೆಗೆದುಕೊಂಡು ಹೋಗಲು ಬಂದ ಮಾಲಿನಿಗೆ ಕಂಡದ್ದು ಆ ಕೀಲಿ. ಮುನಿಯಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲಿನಿಂದ ಎರಡು ಸಲ ತಟ್ಟಿಕೊಂಡರು.

ಮರುದಿನ ಅವಳಿಗೆ ವಾರದ ರಜೆ. ಮಾವನಿಗೆ ಮಧ್ಯಾಹ್ನದ ಊಟ ಬಡಿಸುವುದು ಅತ್ತೆಯ ಕೆಲಸ, ರಾತ್ರಿಯದೂ ಅವರೇ ಮುಂಚಿತವಾಗಿ ಬಡಿಸಿಬಿಡುತ್ತಿದ್ದರು. ಹಾಗಾಗಿ ಮಾಲಿನಿ ಅಷ್ಟು ದಿನ ನೋಡದೇ ಇದ್ದದ್ದನ್ನು ಅವತ್ತು ನೋಡಿದಳು. ತಾನೇ ಬಡಿಸುತ್ತೇನೆ ಎಂದು ಹಟ ಹಿಡಿದು ತಟ್ಟೆಯ ಎಡಕ್ಕೆ ಮುದ್ದೆ, ಬಲಕ್ಕೆ ಹುರುಳಿಕಾಯಿ ಪಲ್ಯ ಹಾಕಿದಳು. ಮುನಿಯಪ್ಪ ಮುದ್ದೆ ನುಂಗಿದರು, ಸಾರು ಸುರಿದುಕೊಂಡರು, ಪಲ್ಯದ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಪಲ್ಯವೆಂದರೆ ಇವರಿಗೆ ಯಾವತ್ತೂ ಅಷ್ಟಕ್ಕಷ್ಟೇ ಎಂದು ಅವಳು ಒಳಗೊಳಗೇ ಕುದಿಯುತ್ತಿರುವಾಗಲೇ, ಅವರು ತಲೆ ಎತ್ತಿ, ‘ಪಲ್ಯ ಮಾಡ್ಲಿಲ್ವಾ ಇವತ್ತು?’ ಅಂದರು.

ರುಕ್ಮಿಣಮ್ಮ ನೀರಿನ ಚೆಂಬು ಇಡುವ ನೆಪದಲ್ಲಿ ಬಗ್ಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಪಲ್ಯ ಎಡಕ್ಕೆ ಬಂತು. ಮುನಿಯಪ್ಪ ಅದನ್ನು ತಿಂದು ಮುಗಿಸಿದರು.

ಅಡುಗೆಮನೆಗೆ ಬಂದ ಮೇಲೆ ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಆಸ್ಪತ್ರೆಯಿಂದ ಬಂದಾಗಿನಿಂದ ದಿನವೂ ಹೀಗೇ ಮಾಡುತ್ತಿದ್ದೇನೆ, ಗಂಡಸಿನ ಮಾನದ ಪ್ರಶ್ನೆ, ಯಾರ ಹತ್ತಿರವೂ ಆಡಬೇಡ ಎಂದರು. ಮಾಲಿನಿಗೆ ಅಳುವೂ ಬಂತು, ರೇಗಿಯೂ ಹೋಯಿತು. ಮಾವ ಬೇಕೆಂದೇ ಪಲ್ಯ ಬಿಟ್ಟರು ಎಂದು ತಾನು ಮುನಿಸಿಕೊಂಡದ್ದಕ್ಕೆ ಅಳು, ಇವರೆಲ್ಲ ಸೇರಿ ಒಂದು ಸುಳ್ಳನ್ನು ಸಾಕಿದ್ದಕ್ಕೆ ಸಿಟ್ಟು.

‘ನೀವು ತಟ್ಟೆ ತಿರುಗಿಸ್ತೀರ ಅತ್ತೆ. ಸೋಮವಾರ ರಸ್ತೆ ಯಾರು ತಿರುಗಿಸ್ತಾರೆ?’

ರುಕ್ಮಿಣಮ್ಮ ಕೈ ಬಿಟ್ಟರು.

ಶನಿವಾರ ಸಂಜೆ ಎಲ್ಲರೂ ಇದ್ದಾಗ ಮಾತು ಹೊರಬಿತ್ತು. ಯತಿರಾಜ್ ಹಾರಿಬಿದ್ದ. ಅಪ್ಪನಿಗೆ ಬುದ್ಧಿ ಇದೆಯಾ, ಯಾರಾದರೂ ಸ್ಕೂಟರಿನವರು ಬಲಗಡೆಯಿಂದ ಬಂದರೆ ಏನು ಗತಿ, ಸತ್ತವರ ಮನೆಯವರಿಗೆ ಏನು ಉತ್ತರ ಕೊಡುವುದು ಎಂದ. ಮುನಿಯಪ್ಪ ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ತಳ್ಳಿದರು.

‘ದಿನಾ ನೋಡ್ತಿದೀಯಲ್ಲಾ. ಈ ತಿಂಗ್ಳಾಗೆ ಒಂದು ಕಡೆ ಗುದ್ದಿದೀನೇನ್ಲಾ? ಆವಾಗ ಗಾಡಿ ಜಗ್ತಿತ್ತು, ಗುದ್ದಿದೆ. ಈಗ ಸರಿಹೋಯ್ತು. ಕಣ್ಣೂ ಸರಿಹೋಯ್ತು.’

ಯತಿರಾಜನ ಸಿಟ್ಟು ಮಗಳ ಮೇಲೆ ತಿರುಗಿತು. ಈ ದರಿದ್ರದ ಆಟ ತಂದವಳು ಅವಳೇ, ಅದನ್ನು ನುಣ್ಣಗೆ ಮಾಡಿಕೊಟ್ಟವಳೂ ಅವಳೇ. ಪದ್ಮಶ್ರೀ ಅಮ್ಮನ ಕಡೆ ಬೆರಳು ಮಾಡಿದಳು, ಅಮ್ಮ ಹೇಳಿದ್ದಕ್ಕೇ ಮಾಡಿದ್ದು. ರುಕ್ಮಿಣಮ್ಮ ತಿಮ್ಮರಾಜುವಿಗೆ ಶಾಪ ಹಾಕಿದರು. ಟೆಂಪೋದ ಗಾಳಿ ಬಿಟ್ಟುಬರುತ್ತೇನೆ ಎಂದು ಯತಿರಾಜ್ ಎದ್ದ, ಗಾಳಿ ಹಾಕಿಸಿಕೊಳ್ಳಲು ತಮಗೂ ಬರುತ್ತದೆ ಎಂದು ಮುನಿಯಪ್ಪ ಕೂತಲ್ಲೇ ಕೂತರು. ಕೀಲಿ ಕಸಿದುಕೊಂಡರೆ ಇನ್ನೊಂದು ಕೀಲಿ, ಈ ಟೆಂಪೋ ಹೋದರೆ ಇನ್ನೊಂದು ಟೆಂಪೋ. ಮಾಲಿನಿಗೆ ಕಿರುಚಿಕೊಳ್ಳಬೇಕು ಅನ್ನಿಸಿತು. ಆಟ ಜಗ್ಗಿದರೆ ಒಂದು ರಾಮಾಯಣ, ಓಡಿದರೆ ಇನ್ನೊಂದು. ಕಿರುಚುವ ಬದಲು ಮಗಳನ್ನು ಅಡುಗೆಮನೆಗೆ ಕರೆದು ಒಂದೇ ಪ್ರಶ್ನೆ ಕೇಳಿದಳು. ಅವತ್ತು ಏನೇನು ತೆಗೆದೆ?

ಪದ್ಮಶ್ರೀ ಒಂದೊಂದಾಗಿ ಹೇಳಿದಳು. ಗಾಡಿಗಳನ್ನು ಖಾಲಿ ಮಾಡಿದ್ದು, ಕನ್ನಡಿ ತೆಗೆದದ್ದು ಕೇಳಿದಾಗ ಮಾಲಿನಿ ಸೌಟನ್ನು ಕೆಳಗಿಟ್ಟಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಕ್ಲೀನರ್ ತಿಮ್ಮರಾಜು ಒರೆಸುವಾಗ ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿದನೆಂದು ಮಾವ ಅವನ ಕೆನ್ನೆಗೆ ಬಾರಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಅಂಥ ಮನುಷ್ಯ ಕನ್ನಡಿ ತೆಗೆದುಹಾಕು ಎಂದದ್ದು ಅಷ್ಟು ಸಲೀಸಾಗಿ ಹೇಗೆ?

‘ನಾಳೆ ಗಾಡಿಗಳನ್ನೂ ಕನ್ನಡೀನೂ ವಾಪಸ್ ಹಾಕು’ ಅಂದಳು. ‘ಬೇರೆ ಏನ್ ಬೇಕಾದ್ರೂ ತೆಗಿ. ಆದ್ರೆ ಜಗ್ಗಬಾರ್ದು. ಜಗ್ತು ಅನ್ನೋ ನೆಪ ಅವ್ರಿಗೆ ಉಳೀಬಾರ್ದು.’

ಭಾನುವಾರ ಸಂಜೆ ಬಸ್ಸಾರಿಗೆ ಕಾಳು ಬೇಯಲು ಇಟ್ಟು ಮಾಲಿನಿ ನಡುಮನೆಗೆ ಬಂದಳು. ನಾಳೆ ನಿಜವಾದ ರಸ್ತೆಗೆ ಹೋಗುವವರು ಇವತ್ತು ಇದರಲ್ಲಿ ಗಾಡಿಗಳ ನಡುವೆ ಓಡಿಸಿ ತೋರಿಸಲಿ, ಒಂದು ಟ್ರಿಪ್ ಗುದ್ದದೆ ಬಂದರೆ ಯಾರೂ ಅಡ್ಡ ಬರುವುದಿಲ್ಲ ಅಂದಳು. ಯತಿರಾಜ್ ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿಕೊಂಡ. ಮುನಿಯಪ್ಪ ಅಂಗಿಯ ತೋಳು ಮಡಚಿ ಕೂತರು.

ಸೂಳಗಿರಿ ದಾಟುವ ಮೊದಲೇ ಬಲಗಡೆಯಿಂದ ಬಂದ ಬಸ್ಸಿಗೆ ಲಾರಿ ಉಜ್ಜಿತು.

‘ಜಗ್ತು’ ಅಂದರು ಮುನಿಯಪ್ಪ.

ನಿಜವಾಗಿಯೂ ಜಗ್ಗಿತ್ತು. ಪದ್ಮಶ್ರೀ ಮರಗಳನ್ನು ತೆಗೆದಳು. ಮತ್ತೆ ಓಡಿಸಿದರು, ಮತ್ತೆ ಗುದ್ದಿತು, ಮತ್ತೆ ಜಗ್ತು ಅಂದರು. ಮನೆಗಳ ಬಣ್ಣ ಹೋಯಿತು, ಮೋಡ ಹೋಯಿತು, ಚಿತ್ರವೇ ಒರಟಾಗಿ, ರಸ್ತೆ ಸ್ಲೇಟಿನ ಮೇಲೆ ಬಳಪದಲ್ಲಿ ಗೀಚಿದ ಹಾಗೆ ಆಯಿತು. ಒಲೆಯ ಮೇಲೆ ಕುಕ್ಕರು ಕೂಗಿತು, ಯಾರೂ ಏಳಲಿಲ್ಲ. ಇನ್ನು ತೆಗೆಯಲು ಏನೂ ಉಳಿದಿರಲಿಲ್ಲ. ಎರಡು ಕನ್ನಡಿಗಳು ಮಾತ್ರ ಇದ್ದವು, ಇನ್ನೂ ಕೂದಲೆಳೆಯಷ್ಟು ಜಗ್ಗುತ್ತಿತ್ತು.

‘ಒಂದು ಕನ್ನಡಿ ತೆಗೆದ್ರೆ ಪೂರ್ತಿ ಸರಿಹೋಗ್ತದೆ ತಾತ’ ಅಂದಳು ಪದ್ಮಶ್ರೀ. ‘ಎರಡೂ ತಡ್ಕೊಳ್ಳಾಕಿಲ್ಲ ಇದು. ಯಾವ್ದು ಇರ್ಲಿ?’

ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಡ್ರೈವರು ಕೂರುವುದು ಬಲಕ್ಕೆ, ಹಿಂದಿನವರು ಮುಂದೆ ನುಗ್ಗುವುದು ಬಲದಿಂದ. ಬಲಗಡೆಯ ಕನ್ನಡಿ ಇಲ್ಲದೆ ಗಾಡಿ ಹೊರಗೆ ತೆಗೆಯುವುದು ಪ್ರಾಣ ತೆಗೆಯುವ ಕೆಲಸ ಎಂದು ಈ ಮನೆಯಲ್ಲಿ ಎಲ್ಲರಿಗೂ ಪಾಠ ಹೇಳಿಕೊಟ್ಟವರು ಮುನಿಯಪ್ಪನವರೇ. ಪದ್ಮಶ್ರೀಯ ಬೆರಳು ಆಗಲೇ ಎಡಗಡೆಯ ಕನ್ನಡಿ ತೆಗೆಯಲು ಹೋಗಿತ್ತು.

ಮುನಿಯಪ್ಪ ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪರದೆಯನ್ನು ನೋಡಿದರು. ಎಷ್ಟು ಹೊತ್ತು ನೋಡಿದರು ಎಂದರೆ ಯತಿರಾಜ್ ಗಾಬರಿಯಾಗಿ ಹತ್ತಿರ ಬಂದ.

‘ಎಡಗಡೇದು ಇರ್ಲಿ’ ಅಂದರು.

‘ತಾತ, ಡ್ರೈವರ್ ಕಡೇದು ಬಲಗಡೇದು.’

‘ಗೊತ್ತು ಕಣಮ್ಮಿ. ಬಲಗಡೆ ಏನಿಟ್ರೂ ನಂಗೆ ಕಾಣಾಕಿಲ್ಲ.’

ತಿಂಗಳುಗಟ್ಟಲೆ ಡಾಕ್ಟರನ್ನು ಬೈದು, ಆಫೀಸಿನವರನ್ನು ಬೈದು, ಕಂಪ್ಯೂಟರನ್ನು ಬೈದು ದೂರ ಇಟ್ಟಿದ್ದ ಮಾತು ಅವರ ಬಾಯಿಂದಲೇ ಬಂದುಬಿಟ್ಟಿತ್ತು. ಮಾಲಿನಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಈ ಮನುಷ್ಯನನ್ನು ಇಷ್ಟು ಬೋಳು ರಸ್ತೆಗೆ ತಂದು ನಿಲ್ಲಿಸಿದವಳು ತಾನೇ ಅನ್ನಿಸಿತು. ಮುನಿಯಪ್ಪ ಜೇಬಿನಿಂದ ಟೆಂಪೋದ ಕೀಲಿ ತೆಗೆದು, ಮಗ ಬಲಕ್ಕೆ ನಿಂತಿದ್ದರಿಂದ ಅವನನ್ನು ಎಡಗಡೆ ಹುಡುಕಿ, ಆಮೇಲೆ ಪೂರ್ತಿ ತಿರುಗಿ ಕೈಗೆ ಕೊಟ್ಟರು. ‘ನೀನೇ ಕೊಟ್ಬುಟ್ಟು ಬಾರ್ಲಾ. ಅವ್ನಿಗೆ ನಾನು ಹೇಳಾಕಾಗಲ್ಲ’ ಅಂದರು.

ಬಸ್ಸಾರಿನ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಮಾಲಿನಿಯ ಮನಸ್ಸು ಎಲ್ಲೋ ಇತ್ತು. ಉಳಿದವರಿಗೆ ಬಡಿಸಿದ ಹಾಗೆಯೇ ಮಾವನ ತಟ್ಟೆಯ ಎಡಕ್ಕೂ ಮುದ್ದೆ, ಬಲಕ್ಕೆ ಪಲ್ಯ ಹಾಕಿಬಿಟ್ಟಳು. ಹಾಕಿದ ಮೇಲೆ ತಿಳಿಯಿತು. ರುಕ್ಮಿಣಮ್ಮ ಚೆಂಬು ಎತ್ತಿಕೊಂಡು ಬಗ್ಗಿದರು.

ಮುನಿಯಪ್ಪ ಹೆಂಡತಿಯ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

‘ದಿನಾ ನೀನೇ ತಿರುಗಿಸ್ತಿದ್ದೆ ಅಂತ ಗೊತ್ತು ಕಣೆ. ಬುಡು, ನಾನೇ ತಿರುಗಿಸ್ಕೊತೀನಿ.’

ತಟ್ಟೆಯ ಅಂಚು ಹಿಡಿದು ತಾವೇ ತಿರುಗಿಸಿಕೊಂಡರು. ಪಲ್ಯ ಎಡಕ್ಕೆ ಬಂತು. ಒಂದು ತುತ್ತು ಬಾಯಿಗೆ ಹಾಕಿ ಅಗಿದು, ಸೊಸೆಯ ಕಡೆ ತಲೆ ತಿರುಗಿಸಿದರು.

‘ಪಲ್ಯಕ್ಕೆ ಉಪ್ಪು ಜಾಸ್ತಿ ಆಗೈತೆ ಮಾಲಿನಿ.’

ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆ ಎರಡು ಹೇಳುತ್ತಿದ್ದಳು. ‘ನಾಳೆಯಿಂದ ಕಮ್ಮಿ ಹಾಕ್ತೀನಿ ಮಾವ’ ಎಂದು ಸೌಟು ಎತ್ತಿಕೊಂಡಳು, ಮತ್ತೆ ಬಡಿಸಲು ಅವರ ಎಡಕ್ಕೆ ಬಂದು ಕೂತಳು.